ಪ್ರೊಸೆಸರಿನ ನೆತ್ತಿಗೆ ಪರದೆ ಬೇಡ

ಪಿಯುಸಿ ಮುಗಿಸಿ ಎಂಜಿನಿಯರಿಂಗಿಗೆ ಹೊರಟ ಹುಡುಗನಿಗೆ ಮನೆಯಲ್ಲಿ ಡೆಸ್ಕ್‌ಟಾಪ್ ಕೊಡಿಸಲು ಒಪ್ಪಿದರೆ ಅಂಗಡಿಯಿಂದ ವಾಟ್ಸಾಪಿಗೆ ಒಂದು ಕೊಟೇಶನ್ ಬರುತ್ತದೆ. ಅದರಲ್ಲಿ ಈಗೀಗ ಮತ್ತೆ ಮತ್ತೆ ಕಾಣುವ ಸಾಲು ಒಂದುಂಟು: ಪರದೆ ಇರುವ ಲಿಕ್ವಿಡ್ ಕೂಲರ್. ಪ್ರೊಸೆಸರಿನ ಮೇಲೆ ಕೂರುವ ಪುಟ್ಟ ಪಂಪು, ಪಂಪಿನ ತಲೆಯ ಮೇಲೆ ಎರಡು, ಎರಡೂವರೆ ಇಂಚಿನ ಎಲ್‌ಸಿಡಿ, ಅಲ್ಲಿಂದ ಹೊರಡುವ ಎರಡು ರಬ್ಬರ್ ಕೊಳವೆ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಮೂರು ಫ್ಯಾನು ಹೊತ್ತ ರೇಡಿಯೇಟರ್. ಕಂಪನಿಯ ಹೆಸರು ನೋಡಿಕೊಂಡು ಬೆಲೆ ಸುಮಾರು 12 ಸಾವಿರದಿಂದ 30 ಸಾವಿರ ರೂಪಾಯಿ. ಪರದೆಯ ಮೇಲೆ ಪ್ರೊಸೆಸರಿನ ಉಷ್ಣತೆ ಓಡುತ್ತದೆ. ಬೇಕೆಂದರೆ ದೇವರ ಫೋಟೋ, ನಟನ ಮುಖ, ಕುಣಿಯುವ ಬೆಕ್ಕು ಹಾಕಿಕೊಳ್ಳಬಹುದು.

ಇದನ್ನು ಶೋಕಿಯೆಂದೇ ಹೇಳಿ ಮಾರುತ್ತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅಗತ್ಯವೆಂದು ಹೇಳಿ ಮಾರುತ್ತಿದ್ದಾರೆ. “ನಮ್ಮ ಊರಿನ ಸೆಕೆಗೆ ನೀರೇ ಆಗಬೇಕು, ಗಾಳಿ ಸಾಲದು” ಎಂಬ ಮಾತು ಉಪ್ಪಿನಂಗಡಿಯಿಂದ ಪುತ್ತೂರು, ಕಡಬ, ಸುಳ್ಯದವರೆಗೂ ಪ್ರಶ್ನೆಯಿಲ್ಲದೆ ಓಡಾಡುತ್ತಿದೆ. ಅಂಗಡಿಯವರು ಹೇಳುತ್ತಾರೆ, ಕಾಲೇಜಿನ ಸೀನಿಯರುಗಳು ಹೇಳುತ್ತಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ದೊಡ್ಡಪ್ಪನ ಮಗ ಹೇಳುತ್ತಾನೆ, ಮನೆಯವರು ಹೂಂ ಎನ್ನುತ್ತಾರೆ. ಈ ಮಾತು ತಪ್ಪು. ತಪ್ಪು ಮಾತ್ರವಲ್ಲ, ನಮ್ಮಂಥ ಊರುಗಳಿಗೆ ಹಾನಿಕರ.

ಸೆಕೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರ ಬಾಯಿ ಮುಚ್ಚಿಸುವುದು ಅದೇ ವಾದ. ನೇತ್ರಾವತಿ, ಕುಮಾರಧಾರೆ ಕೂಡುವ ನಮ್ಮ ಉಪ್ಪಿನಂಗಡಿಯ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾರಸಿಯ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನ 35, 36 ಡಿಗ್ರಿ ಸಾಮಾನ್ಯ. ಹೊಳೆಯ ತೇವ ಗಾಳಿಯಲ್ಲೇ ನಿಂತಿರುತ್ತದೆ, ಬೆವರು ಆರುವುದಿಲ್ಲ. ಇಂಥಲ್ಲಿ ನೀರು ಅಂದರೆ ತಂಪು ಅಂತ ಮನಸ್ಸಿಗೆ ತೋರುವುದು ಸಹಜ. ಆದರೆ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಲಿಕ್ವಿಡ್ ಕೂಲರಿನ ನೀರು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತದೆ. ಅಲ್ಲಿ ಆವಿಯೂ ಇಲ್ಲ, ಅದು ತರುವ ತಂಪೂ ಇಲ್ಲ. ಆ ನೀರು ಮಾಡುವುದು ಹೊರೆ ಹೊರುವ ಕೆಲಸ: ಪ್ರೊಸೆಸರಿನ ಮೇಲಿನ ತಾಮ್ರದ ತಟ್ಟೆಯಿಂದ ಬಿಸಿ ಎತ್ತಿಕೊಂಡು ರೇಡಿಯೇಟರಿಗೆ ಹೋಗಿ ಇಳಿಸುವುದು. ರೇಡಿಯೇಟರಿನ ಬಿಸಿಯನ್ನು ಹೊರಹಾಕುವುದು ಯಾರು? ಫ್ಯಾನು. ಫ್ಯಾನು ಊದುವುದು ಯಾವ ಗಾಳಿಯನ್ನು? ಅದೇ 36 ಡಿಗ್ರಿಯ ಕೋಣೆಯ ಗಾಳಿಯನ್ನು. ಆದ್ದರಿಂದ ಆ ನೀರು 36 ಡಿಗ್ರಿಗಿಂತ ತಣ್ಣಗಾಗಲು ಯಾವ ದಾರಿಯೂ ಇಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ 25 ಡಿಗ್ರಿಯಲ್ಲಿ ಕೂತ ಕೂಲರಿಗಿಂತ ನಮ್ಮಲ್ಲಿ ಕೂತದ್ದು ಸುಮಾರು ಹತ್ತು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ, ಅದು ಗಾಳಿಯದಾಗಲಿ ನೀರಿನದಾಗಲಿ. ಸೆಕೆ ಎರಡಕ್ಕೂ ಒಂದೇ ದಂಡ ಹಾಕುತ್ತದೆ. ಹೀಗಿರುವಾಗ ಊರಿನ ಸೆಕೆ ನೀರಿನ ಪರವಾದ ಸಾಕ್ಷಿ ಆಗುವುದು ಹೇಗೆ?

ದೊಡ್ಡ ರೇಡಿಯೇಟರಿಗೆ ಬಿಸಿ ಬಿಡುವ ಮೈ ಹೆಚ್ಚು. ನಿಜ. ಅದು ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಅಷ್ಟು ಬಿಸಿ ಹುಟ್ಟಬೇಕು. ನಮ್ಮ ಮನೆಗಳಿಗೆ ಬರುವ ಪ್ರೊಸೆಸರುಗಳನ್ನು ನೋಡಿ. ಇಂಟೆಲಿನ ಐ5–12400ಕ್ಕೆ ಕಂಪನಿ ಕೊಡುವ ಮೂಲ ಅಂಕಿ 65 ವಾಟ್, ಟರ್ಬೋದ ತುದಿಯಲ್ಲಿ 117 ವಾಟ್. ಎಎಂಡಿಯ ರೈಜನ್ 5 5600ಜಿ, ರೈಜನ್ 5 7600 ಎರಡೂ 65 ವಾಟಿನವು. ಈ ಮೂರರ ಪೆಟ್ಟಿಗೆಯೊಳಗೂ ಕೂಲರ್ ಉಚಿತವಾಗಿ ಬರುತ್ತದೆ. ಅದರಲ್ಲೇ ಓಡಲಿ ಎಂದು ತಯಾರಕರೇ ಇಟ್ಟು ಕೊಟ್ಟದ್ದು. ಸದ್ದು ಕಡಿಮೆಯಾಗಬೇಕೆಂದರೆ ಎರಡು ಮೂರು ಸಾವಿರದ ಒಂದೇ ಗೋಪುರದ ಗಾಳಿ ಕೂಲರ್ ಸಾಕು. ಗೇಮ್ ಆಡುವವರ ಕಣ್ಮಣಿಯಾಗಿದ್ದ ರೈಜನ್ 7 7800ಎಕ್ಸ್3ಡಿಯ ಮೇಲೆ 120 ವಾಟ್ ಎಂದು ಬರೆದಿದೆ, ಆಟ ಆಡುವಾಗ ಅದು ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಎರಡು ಗೋಪುರ, ಆರು ಹೀಟ್‌ಪೈಪ್, ಎರಡು ಫ್ಯಾನುಗಳ ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುವಂಥದ್ದು; ಅದಕ್ಕೆ ಆ ಪ್ರೊಸೆಸರ್ ಒಂದು ಭಾರವೇ ಅಲ್ಲ. ಇಂಟೆಲಿನ ಐ9–14900ಕೆ 253 ವಾಟ್ ಎಳೆಯುತ್ತದೆ, ಅದರಲ್ಲಿ ದಿನವಿಡೀ ರೆಂಡರಿಂಗ್ ಮಾಡುವವರಿಗೆ ದೊಡ್ಡ ರೇಡಿಯೇಟರ್ ಬೇಕು. ಅಂಥವರು ನಮ್ಮ ಮೂರು ತಾಲೂಕಿನಲ್ಲಿ ಎಷ್ಟು ಮಂದಿ? ಅವರಿಗೂ ಬೇಕಾದದ್ದು ರೇಡಿಯೇಟರು. ಪರದೆ ಅವರಿಗೂ ಬೇಡ.

ದೊಡ್ಡ ಡೇಟಾ ಸೆಂಟರುಗಳೇ ನೀರಿಗೆ ಬದಲಾಗಿವೆಯಲ್ಲ ಎಂದು ಕೇಳುವವರಿದ್ದಾರೆ. ಬದಲಾಗುತ್ತಿವೆ. ಎನ್ವಿಡಿಯಾದ ಜಿಬಿ200 ಎನ್‌ವಿಎಲ್72 ಎಂಬ ಒಂದೇ ಕಪಾಟು ಸುಮಾರು 120 ಕಿಲೋವಾಟ್ ಎಳೆಯುತ್ತದೆ, ಗಾಳಿ ಅಲ್ಲಿ ಸೋಲುತ್ತದೆ. 120 ಕಿಲೋವಾಟಿನ ಔಷಧವನ್ನು 65 ವಾಟಿನ ರೋಗಿಗೆ ಯಾರು ಬರೆದುಕೊಡುತ್ತಾರೆ?

ಇನ್ನು ಪರದೆ. ಅದರ ಇತಿಹಾಸ ಬಹಳ ಚಿಕ್ಕದು. ಡೆನ್ಮಾರ್ಕಿನ ಆಸೆಟೆಕ್ ಕಂಪನಿ ಪಂಪು ಮತ್ತು ತಾಮ್ರದ ತಟ್ಟೆಯನ್ನು ಒಂದೇ ಬಿಲ್ಲೆಯಲ್ಲಿ ಸೇರಿಸಿ ಮುಚ್ಚಿದ ಕೂಲರನ್ನು ರೂಪಿಸಿತು; ಕೋರ್ಸೇರ್ 2009ರಲ್ಲಿ ಅದನ್ನೇ ಎಚ್50 ಎಂಬ ಹೆಸರಿನಲ್ಲಿ ಜನರ ಕೈಗೆ ತಲುಪಿಸಿತು. ಆಗ ಆ ಬಿಲ್ಲೆ ಕಪ್ಪಗೆ, ತನ್ನಷ್ಟಕ್ಕೆ ಕೂತಿತ್ತು. ಕೆಲಸ ಆಗುತ್ತಿತ್ತು. ನಂತರ ಅದರ ಮೇಲೆ ಬಣ್ಣದ ದೀಪ ಬಂತು. 2018ರಲ್ಲಿ ಏಸುಸ್ ತನ್ನ ರ‍್ಯುಜಿನ್ ಕೂಲರಿಗೆ 1.77 ಇಂಚಿನ ಓಎಲ್‌ಇಡಿ ಅಂಟಿಸಿತು. 2020ರಲ್ಲಿ ಎನ್‌ಜೆಡ್‌ಎಕ್ಸ್‌ಟಿಯ ಕ್ರೇಕನ್ ಜೆಡ್ ಸರಣಿ 2.36 ಇಂಚಿನ ದುಂಡು ಎಲ್‌ಸಿಡಿ ಹೊತ್ತು ಬಂತು. ಮುಂದಿನ ರ‍್ಯುಜಿನಿನಲ್ಲಿ ಪರದೆ 3.5 ಇಂಚಿಗೆ ಏರಿತು. ಕೋರ್ಸೇರ್, ಲಿಯಾನ್ ಲಿ, ಎಂಎಸ್‌ಐ, ಗಿಗಾಬೈಟ್ ಎಲ್ಲರೂ ಓಟಕ್ಕೆ ಬಿದ್ದರು. ಈ ಓಟದಲ್ಲಿ ಪರದೆ ದೊಡ್ಡದಾಯಿತು, ಚುಕ್ಕಿಗಳು ಹೆಚ್ಚಾದವು, ಬೆಲೆ ಏರಿತು. ಪರದೆಯ ದೆಸೆಯಿಂದ ಪ್ರೊಸೆಸರ್ ಒಂದು ಡಿಗ್ರಿಯಾದರೂ ತಣ್ಣಗಾಯಿತೇ? ಆಗಲು ಸಾಧ್ಯವೇ ಇಲ್ಲ. ಪರದೆ ಎಂದರೆ ತಾನೂ ಕರೆಂಟು ತಿಂದು ತಾನೂ ಒಂದಿಷ್ಟು ಬಿಸಿಯಾಗುವ ವಸ್ತು.

ಅದು ಉಷ್ಣತೆ ತೋರಿಸುತ್ತದಂತೆ. ಯಾರಿಗೆ? ಕೆಲಸ ಮಾಡುವವರ ಕಣ್ಣು ಮಾನಿಟರಿನ ಮೇಲೆ. ನಮ್ಮಲ್ಲಿ ಸಿಪಿಯು ಪೆಟ್ಟಿಗೆ ಇರುವುದು ಮೇಜಿನ ಅಡಿಯಲ್ಲಿ, ಅಥವಾ ಗೋಡೆಗೆ ತಾಗಿದ ಮೂಲೆಯಲ್ಲಿ. ಅದರೊಳಗಿನ ಎರಡೂವರೆ ಇಂಚಿನ ಅಂಕಿ ನೋಡಲು ಕುರ್ಚಿ ಬಿಟ್ಟು ಬಗ್ಗಬೇಕು. ಅದೇ ಅಂಕಿಯನ್ನು ಎಚ್‌ಡಬ್ಲ್ಯುಇನ್ಫೋದಂಥ ಉಚಿತ ತಂತ್ರಾಂಶ ಕಣ್ಣೆದುರಿನ ಮಾನಿಟರಿನಲ್ಲೇ ತೋರಿಸುತ್ತದೆ, ಅದೂ ಒಂದೊಂದು ಕೋರಿನದ್ದು ಬೇರೆ ಬೇರೆಯಾಗಿ. ಅದನ್ನೂ ನೋಡದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಇಂದಿನ ಪ್ರೊಸೆಸರ್ ತನ್ನ ಮಿತಿ ತಾನೇ ಬಲ್ಲದು. 14900ಕೆಗೆ 100 ಡಿಗ್ರಿ, ರೈಜನ್ 7600ಕ್ಕೆ 95, 7800ಎಕ್ಸ್3ಡಿಗೆ 89. ಅಲ್ಲಿಗೆ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ, ಇನ್ನೂ ಮೀರಿದರೆ ಯಂತ್ರ ಆಫ್ ಆಗುತ್ತದೆ. ಮನುಷ್ಯರು ಕಾವಲು ಕೂರಬೇಕಾಗಿಲ್ಲ. ಆದರೂ ಪರದೆಯಲ್ಲಿ 80 ಕಂಡು ಹೆದರಿದ ಹುಡುಗರು ಅಂಗಡಿಗೆ ಫೋನು ಮಾಡುತ್ತಾರೆ, ಥರ್ಮಲ್ ಪೇಸ್ಟ್ ಬದಲಿಸುತ್ತಾರೆ, ಇನ್ನೂ ದೊಡ್ಡ ಕೂಲರ್ ಹುಡುಕುತ್ತಾರೆ. ಭಾರದ ಕೆಲಸದಲ್ಲಿ 80 ಡಿಗ್ರಿ ರೋಗವಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ. ಅಗತ್ಯವಿಲ್ಲದ ಅಂಕಿಯನ್ನು ಕಣ್ಣೆದುರು ಇಟ್ಟು ಅಗತ್ಯವಿಲ್ಲದ ಭಯ ಬೆಳೆಸಿ, ಆ ಭಯಕ್ಕೆ ಮತ್ತೊಂದು ಸಾಮಾನು ಮಾರುವುದು ಯಾವ ನ್ಯಾಯ?

ಆ ಪರದೆಗೆ ತನ್ನದೇ ಬುದ್ಧಿ ಇಲ್ಲ ಎಂಬುದನ್ನೂ ಹೇಳಬೇಕು. ಒಳಗಿನ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರೇ ಅದಕ್ಕೆ ಚಿತ್ರ ಉಣಿಸಬೇಕು. ಎನ್‌ಜೆಡ್‌ಎಕ್ಸ್‌ಟಿಗೆ ಕ್ಯಾಮ್, ಕೋರ್ಸೇರಿಗೆ ಐಕ್ಯೂ, ಏಸುಸಿಗೆ ಆರ್ಮರಿ ಕ್ರೇಟ್. ಒಬ್ಬೊಬ್ಬರಿಗೆ ಒಂದೊಂದು ತಂತ್ರಾಂಶ, ವಿಂಡೋಸ್ ತೆರೆದ ಕ್ಷಣದಿಂದ ಹಿನ್ನೆಲೆಯಲ್ಲಿ ಓಡುತ್ತಲೇ ಇರಬೇಕು, ಮೆಮೊರಿ ತಿನ್ನುತ್ತಲೇ ಇರಬೇಕು. ಎಂಜಿನಿಯರಿಂಗ್ ಹುಡುಗರು ಮೂರನೇ ಸೆಮಿಸ್ಟರಿಗೆ ಲಿನಕ್ಸ್ ಹಾಕಿಕೊಂಡರೆ ಈ ಕಂಪನಿಗಳ ಅಧಿಕೃತ ತಂತ್ರಾಂಶ ಅಲ್ಲಿಗೆ ಬರುವುದಿಲ್ಲ. ಲಿಕ್ವಿಡ್‌ಸಿಟಿಎಲ್ ಎಂಬ ಮುಕ್ತ ತಂತ್ರಾಂಶವನ್ನು ಕೆಲವು ಪುಣ್ಯಾತ್ಮರು ಬರೆದು ಇಟ್ಟಿದ್ದಾರೆ, ಎಲ್ಲ ಮಾಡೆಲ್ಲಿಗೂ ಅದು ಹೊಂದುವುದಿಲ್ಲ. ನಾಳೆ ಕಂಪನಿ ಹಳೆಯ ಮಾಡೆಲ್ಲಿಗೆ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದರೆ? ಸಾವಿರಾರು ರೂಪಾಯಿಯ ಪರದೆ ಕಂಪನಿಯ ಲಾಂಛನ ತೋರಿಸಿಕೊಂಡು ಕೂರುತ್ತದೆ. ಪ್ರೊಸೆಸರಿನ ಹೊರೆ ಇಳಿಸಲು ಕೊಂಡ ಸಾಮಾನು ಪ್ರೊಸೆಸರಿನ ಮೇಲೆ ಹೊಸ ಹೊರೆ ಹಾಕುತ್ತದೆಂದರೆ ಯಾವ ಕೃಷಿಕರು ಅಂಥ ಯಂತ್ರವನ್ನು ತೋಟಕ್ಕೆ ತಂದಾರು?

ನನ್ನ ಕೋಪ ಏರುವುದು ಬಾಳಿಕೆಯ ವಿಷಯಕ್ಕೆ ಬಂದಾಗ. ನಮ್ಮದು ರಿಪೇರಿಯ ಊರು. ಪಂಪುಸೆಟ್ಟಿನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸುತ್ತೇವೆ, ಮಿಕ್ಸಿಗೆ ಬುಷ್ ಹಾಕಿಸುತ್ತೇವೆ, ಅಡಕೆ ಸುಲಿಯುವ ಯಂತ್ರದ ಬೆಲ್ಟು ನಾವೇ ಬದಲಿಸುತ್ತೇವೆ. ಉಪ್ಪಿನಂಗಡಿ ಪೇಟೆಯಲ್ಲಿ ಕಂಪ್ಯೂಟರ್ ನೋಡುವ ಹುಡುಗರು ಗಾಳಿ ಕೂಲರ್ ಕಂಡರೆ ಹತ್ತು ನಿಮಿಷದ ಕೆಲಸ ಎನ್ನುತ್ತಾರೆ: ಬ್ಲೋವರಿನಿಂದ ಧೂಳು ಊದಿ, ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಫ್ಯಾನು ಗೊರಗುಟ್ಟಿದರೆ ಐನೂರು, ಏಳುನೂರರ ಇನ್ನೊಂದು ಫ್ಯಾನು ಸಿಕ್ಕಿಸಿ ಕೊಡುತ್ತಾರೆ. ಹೀಟ್‌ಪೈಪಿನಲ್ಲಿ ಚಲಿಸುವ ಭಾಗವೇ ಇಲ್ಲ, ಹಾಳಾಗಲು ಏನೂ ಇಲ್ಲ. ಆಸ್ಟ್ರಿಯಾದ ನೋಕ್ಟುವಾ 2014ರಲ್ಲಿ ತಂದ ಎನ್‌ಎಚ್–ಡಿ15 ಎಂಬ ಗಾಳಿ ಕೂಲರನ್ನು ನೋಡಿ. ಇಂಟೆಲ್ 2021ರಲ್ಲಿ ಸಾಕೆಟ್ ಬದಲಿಸಿತು, ಎಎಂಡಿ 2022ರಲ್ಲಿ ಬದಲಿಸಿತು, ಎರಡಕ್ಕೂ ಹೊಂದುವ ಕಬ್ಬಿಣದ ಪಟ್ಟಿಗಳನ್ನು ಆ ಕಂಪನಿ ಹಳೆಯ ಗ್ರಾಹಕರಿಗೆ ಬಿಲ್ಲು ನೋಡಿ ಉಚಿತವಾಗಿ ಕಳಿಸಿತು. ಹತ್ತು ವರ್ಷದ ಹಿಂದಿನ ಲೋಹದ ಗೋಪುರ ಇಂದಿನ ಪ್ರೊಸೆಸರಿನ ಮೇಲೆ ಕೂತು ಕೆಲಸ ಮಾಡುತ್ತದೆ.

ಮುಚ್ಚಿದ ಲಿಕ್ವಿಡ್ ಕೂಲರಿಗೆ ಈ ಭಾಗ್ಯವಿಲ್ಲ. ಎಷ್ಟು ಬಿಗಿಯಾಗಿ ಮುಚ್ಚಿದರೂ ರಬ್ಬರಿನ ಕೊಳವೆಯ ಗೋಡೆಯ ಮೂಲಕ ನೀರು ವರ್ಷಗಟ್ಟಲೆ ಸಣ್ಣಗೆ ಹೊರಹೋಗುತ್ತದೆ. ನೀರು ಕಡಿಮೆಯಾದ ಹಾಗೆ ಗಾಳಿಗುಳ್ಳೆ ಪಂಪಿಗೆ ಸಿಕ್ಕಿ ಸದ್ದು ಶುರುವಾಗುತ್ತದೆ. ಮತ್ತೆ ತುಂಬಿಸುವ ಹಾಗೆ ಬಹುತೇಕ ಮಾಡೆಲ್ಲುಗಳನ್ನು ಮಾಡಿಯೇ ಇಲ್ಲ. ಪಂಪಿನ ಬೇರಿಂಗ್ ಸವೆಯುತ್ತದೆ, ತಾಮ್ರದ ತಟ್ಟೆಯ ಕೂದಲೆಳೆಯಂಥ ಕಾಲುವೆಗಳಲ್ಲಿ ಕೆಸರು ಕಟ್ಟುತ್ತದೆ. ಜರ್ಮನ್ ಕಂಪನಿ ಆರ್ಕ್ಟಿಕ್ 2022ರಲ್ಲಿ ತನ್ನ ಲಿಕ್ವಿಡ್ ಫ್ರೀಝರ್ 2 ಸರಣಿಯ ಗ್ಯಾಸ್ಕೆಟ್ಟಿನಲ್ಲಿ ದೋಷವಿದೆಯೆಂದು ತಾನೇ ಒಪ್ಪಿಕೊಂಡು ಗ್ರಾಹಕರಿಗೆ ದುರಸ್ತಿಯ ಕಿಟ್ ಕಳಿಸಿತು. ಒಪ್ಪಿಕೊಂಡದ್ದು ದೊಡ್ಡ ಗುಣ, ಆದರೆ ಒಳ್ಳೆಯ ಹೆಸರಿನ ಕಂಪನಿಗೂ ಈ ಯಂತ್ರದ ಒಳಗುಟ್ಟು ಎಷ್ಟು ಸೂಕ್ಷ್ಮ ಎಂಬುದು ಅದರಿಂದಲೇ ತಿಳಿಯುತ್ತದೆ. ಆಪಲ್ 2004ರಲ್ಲಿ ತಂದ ನೀರು ಹರಿಯುವ ಪವರ್ ಮ್ಯಾಕ್ ಜಿ5ಗಳಲ್ಲಿ ಸೋರಿಕೆಯಾಗಿ ಒಳಭಾಗ ತುಕ್ಕು ಹಿಡಿದ ಕಥೆ ಹಳೆಯ ಮ್ಯಾಕ್ ಬಳಕೆದಾರರಿಗೆ ಗೊತ್ತು. ಈಗ ಸೋರಿಕೆ ಅಪರೂಪ. ಆದರೆ ಆ ಅಪರೂಪದ ದಿನ ಹನಿ ಬೀಳುವುದು ಎಲ್ಲಿಗೆ? ಪಂಪಿನ ಕೆಳಗೇ ಅಡ್ಡಲಾಗಿ ಮಲಗಿರುವ ಗ್ರಾಫಿಕ್ಸ್ ಕಾರ್ಡಿಗೆ, ಇಡೀ ಕಂಪ್ಯೂಟರಿನ ಅತಿ ದುಬಾರಿ ಭಾಗಕ್ಕೆ.

ವಾರಂಟಿ ಇದೆಯಲ್ಲ? ಹೆಸರಾಂತ ಕಂಪನಿಗಳದ್ದು ಐದಾರು ವರ್ಷ, ಅಗ್ಗದವುಗಳದ್ದು ಅದಕ್ಕಿಂತ ಕಡಿಮೆ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳ ಪಕ್ಕದಲ್ಲಿರುವವರಿಗೆ ಅದರ ಅರ್ಥ ಬೇರೆ. ಇಲ್ಲಿಂದ ಮಂಗಳೂರೇ ಐವತ್ತು ಕಿಲೋಮೀಟರಿಗೆ ಮಿಕ್ಕಿದ ದೂರ, ಅಲ್ಲಿಂದ ಸಾಮಾನು ಬೆಂಗಳೂರಿಗೋ ಮುಂಬೈಗೋ ಹೋಗಿ ಬರಬೇಕು. ಅಷ್ಟು ದಿನ ಕಂಪ್ಯೂಟರ್ ಏನು ಮಾಡಬೇಕು? ಕೂಲರ್ ಇಲ್ಲದೆ ಪ್ರೊಸೆಸರನ್ನು ಆನ್ ಮಾಡುವ ಹಾಗಿಲ್ಲ. ಫೋಟೋ ಸ್ಟುಡಿಯೋದವರು ಮದುವೆಯ ಆಲ್ಬಮಿನ ಗಡುವು ಇಟ್ಟುಕೊಂಡು ಕೈಕಟ್ಟಿ ಕೂರಬೇಕೇ? ಕೊನೆಗೆ ಪಕ್ಕದ ಅಂಗಡಿಯಿಂದ ತರುವುದು ಒಂದು ಗಾಳಿ ಕೂಲರನ್ನೇ. ಅದು ಕೆಲಸವನ್ನೂ ಮಾಡಿಕೊಡುತ್ತದೆ. ಮೊದಲೇ ಅದನ್ನೇ ಯಾಕೆ ತರಬಾರದಿತ್ತು? ಇನ್ನು ಸತ್ತ ಲಿಕ್ವಿಡ್ ಕೂಲರಿನ ಗತಿ: ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ತಾಮ್ರ, ರಬ್ಬರ್, ರಾಸಾಯನಿಕ ಬೆರೆತ ನೀರು, ಅದರ ಮೇಲೊಂದು ಎಲ್‌ಸಿಡಿ. 2022ರ ಇ–ತ್ಯಾಜ್ಯ ನಿಯಮಗಳು ಕಾಗದದ ಮೇಲೆ ಏನೇ ಹೇಳಲಿ, ನಮ್ಮ ಗ್ರಾಮ ಪಂಚಾಯತಿನ ಒಣ ಕಸದ ಘಟಕಕ್ಕೆ ಇದನ್ನು ಬಿಡಿಸಿ ಬೇರ್ಪಡಿಸುವ ಶಕ್ತಿ ಇಲ್ಲ.

ಕೊಟೇಶನ್ನಿಗೆ ಮರಳೋಣ, ಏಕೆಂದರೆ ಅಲ್ಲಿ ಇರುವುದಕ್ಕಿಂತ ಇಲ್ಲದಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಇಪ್ಪತ್ತು ಸಾವಿರದ ಕೂಲರ್ ಇರುವ ಪಟ್ಟಿಯಲ್ಲಿ ಯುಪಿಎಸ್ ಇರುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಇರುವುದಿಲ್ಲ. ಬ್ಯಾಕಪ್ಪಿಗೆ ಎರಡನೇ ಡಿಸ್ಕ್ ಇರುವುದಿಲ್ಲ. ಎಸ್‌ಎಂಪಿಎಸ್ಸಿನಲ್ಲಿ ಎರಡು ಸಾವಿರ ಉಳಿಸಿರುತ್ತಾರೆ, ಎಲ್ಲ ಭಾಗಗಳಿಗೂ ಅನ್ನ ಹಾಕುವುದು ಅದೇ ಆಗಿದ್ದರೂ. ಈ ನೆಲದಲ್ಲಿ ಕಂಪ್ಯೂಟರುಗಳನ್ನು ಕೊಲ್ಲುವುದು ಯಾವುದು? ಪ್ರೊಸೆಸರಿನ ಬಿಸಿಯೇ? ಯಾವ ರಿಪೇರಿಯವರನ್ನಾದರೂ ಕೇಳಿ. ಕರೆಂಟು ಎನ್ನುತ್ತಾರೆ, ಸಿಡಿಲು ಎನ್ನುತ್ತಾರೆ, ತೇವ ಎನ್ನುತ್ತಾರೆ.

ಮಾರ್ಚ್, ಏಪ್ರಿಲಿನಲ್ಲಿ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜು ಕುಸಿಯುವುದನ್ನು ನಾವು ಬಲ್ಬಿನ ಬೆಳಕಿನಲ್ಲೇ ಅಳೆಯುತ್ತೇವೆ. ಮರದ ಗೆಲ್ಲು ಲೈನಿಗೆ ಬಿದ್ದು ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ, ಹಾಗೆ ಬರುವಾಗ ಒಂದು ಹೊಡೆತ ಕೊಟ್ಟೇ ಬರುತ್ತದೆ. ಮುಂಗಾರಿನ ಮೊದಲು, ಆಮೇಲೆ ತುಲಾ ಮಾಸದ ಸಂಜೆಗಳಲ್ಲಿ ಸಿಡಿಲು. ಗುಡುಗಿದ ಕೂಡಲೇ ಟಿವಿ, ಮೋಡೆಮ್ಮಿನ ಪ್ಲಗ್ಗು ಎಳೆಯುವ ನಮ್ಮ ಅಮ್ಮಂದಿರ ಅಭ್ಯಾಸ ಶುದ್ಧ ವಿಜ್ಞಾನ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕದಿದ್ದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವಾಂಶ ಶೇ. 90 ದಾಟುವುದು ಹೊಸತಲ್ಲ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಮಂಕು ಹಿಡಿದು ಕಂಪ್ಯೂಟರ್ ಏಳದಿದ್ದಾಗ ಅದನ್ನು ತೆಗೆದು ಅಳಿಸುವ ರಬ್ಬರಿನಿಂದ ಉಜ್ಜಿ ಹಾಕುವುದು ನಮ್ಮಲ್ಲಿ ಚಿಕ್ಕ ಹುಡುಗರಿಗೂ ಗೊತ್ತಿರುವ ವಿದ್ಯೆ. ಇವಾವುದಕ್ಕೂ ಪ್ರೊಸೆಸರಿನ ನೆತ್ತಿಯ ಪರದೆಯಲ್ಲಿ ಉತ್ತರವಿಲ್ಲ. ನಾಲ್ಕೈದು ಸಾವಿರದ ಯುಪಿಎಸ್ಸಿನಲ್ಲಿ ಉತ್ತರವಿದೆ. ಎಲೆಕ್ಟ್ರಿಷಿಯನ್ನರನ್ನು ಒಂದು ದಿನ ಕರೆಸಿ ಅರ್ಥಿಂಗ್ ಸರಿಮಾಡಿಸುವುದರಲ್ಲಿ ಉತ್ತರವಿದೆ. ಮುಂಭಾಗಕ್ಕೆ ಗಾಜು ಬಿಗಿದ ಪೆಟ್ಟಿಗೆಯ ಬದಲು ಜಾಲರಿಯ ಪೆಟ್ಟಿಗೆ ಕೊಳ್ಳುವುದರಲ್ಲಿ ಉತ್ತರವಿದೆ. ಪರದೆ ಕಾಣಬೇಕೆಂಬ ಒಂದೇ ಕಾರಣಕ್ಕೆ ಎರಡು ಬದಿಗೂ ಗಾಜು ಹಾಕಿ ಗಾಳಿಯ ದಾರಿ ಕಟ್ಟುತ್ತಾರೆ, ಆಮೇಲೆ ಬಿಸಿಯಾಗುತ್ತದೆಂದು ನೀರು ಹರಿಸುತ್ತಾರೆ. ಈ ಚಕ್ರವನ್ನು ಎಲ್ಲಿಯಾದರೂ ಕಡಿಯಬೇಡವೇ?

ನಮ್ಮ ಊರಿನಲ್ಲಿ ಕಂಪ್ಯೂಟರಿನ ಮೇಲೆ ನಿಜವಾದ ಭಾರ ಹಾಕುವವರು ಯಾರೆಂದು ಯೋಚಿಸಿದರೆ ಮೊದಲು ನೆನಪಾಗುವುದು ಯಕ್ಷಗಾನ ಚಿತ್ರೀಕರಿಸುವವರು, ಮದುವೆ, ಭೂತಕೋಲದ ವಿಡಿಯೋ ಮಾಡುವವರು. ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ 4ಕೆ ಕ್ಯಾಮರಾ ಗಂಟೆಗೆ 45 ಜಿಬಿ ತುಂಬಿಸುತ್ತದೆ. ಆರು ಗಂಟೆಯ ಕಾಲಮಿತಿ ಆಟಕ್ಕೆ ಒಂದೇ ಕ್ಯಾಮರಾದಿಂದ 270 ಜಿಬಿ. ಎರಡು ಕ್ಯಾಮರಾ ಇಟ್ಟರೆ ಅರ್ಧ ಟೆರಾಬೈಟು ದಾಟಿತು. ಒಂದು ತಿರುಗಾಟದ ಆಟಗಳನ್ನು ಕಾಪಿಡಲು ಎಷ್ಟು ಡಿಸ್ಕು ಬೇಕು? ಹಿರಿಯ ಭಾಗವತರೊಬ್ಬರು ಹಾಡಿದ ರಾತ್ರಿ ಮತ್ತೆ ಬರುವುದಿಲ್ಲ, ಆ ರಾತ್ರಿ ಒಂದೇ ಡಿಸ್ಕಿನಲ್ಲಿದ್ದು ಆ ಡಿಸ್ಕು ಕೈಕೊಟ್ಟರೆ ಹೋಯಿತು. ಪರದೆಯ ಕೂಲರಿನ ದುಡ್ಡಿನಲ್ಲಿ ಬ್ಯಾಕಪ್ ಡಿಸ್ಕು ಬರುತ್ತದೆ, ಬಣ್ಣ ಸರಿಯಾಗಿ ತೋರಿಸುವ ಮಾನಿಟರ್ ಬರುತ್ತದೆ. ವೇಷದ ಕೆಂಪು ಕೆಂಪಾಗಿಯೇ ಕಾಣಬೇಕಾದ ಕಡೆ ಅಗ್ಗದ ಮಾನಿಟರು, ಯಾರೂ ನೋಡದ ಪೆಟ್ಟಿಗೆಯೊಳಗೆ ಹೊಳೆಯುವ ದುಬಾರಿ ಪರದೆ. ಇಂಥ ಲೆಕ್ಕವನ್ನು ನಾವು ಒಪ್ಪಿಕೊಂಡದ್ದಾದರೂ ಹೇಗೆ?

ದುಡ್ಡು ಯಾರದು ಎಂಬುದನ್ನೂ ಕೇಳಲೇಬೇಕು. ಸುಳ್ಯದ ಸಂಪಾಜೆ, ಅರಂತೋಡು ಕಡೆಯ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದರ ಮೇಲೆ ಈಗ ಎಲೆಚುಕ್ಕಿ. ಮಳೆ ಹೆಚ್ಚಾದ ವರ್ಷ ಕೊಳೆರೋಗ, ಬೋರ್ಡೋ ದ್ರಾವಣಕ್ಕೆ, ಮರ ಹತ್ತುವವರಿಗೆ ಸುರಿದ ಖರ್ಚು ಬೇರೆ. ಇಂಥ ತೋಟದ ಫಸಲನ್ನು ಕ್ಯಾಂಪ್ಕೋಗೆ ಹಾಕಿ ಬಂದ ದುಡ್ಡಿನಲ್ಲಿ, ಬೀಡಿ ಕಟ್ಟಿದ ಕೂಲಿಯಲ್ಲಿ, ಗಲ್ಫಿನಿಂದ ಅಣ್ಣ ಕಳಿಸಿದ ಹಣದಲ್ಲಿ ಆ ಕಂಪ್ಯೂಟರ್ ಬರುತ್ತದೆ. ಕೊಡುವ ಅಪ್ಪನಿಗೆ ಕೂಲರಿನ ತಾಂತ್ರಿಕ ವಿವರ ಗೊತ್ತಿಲ್ಲ. “ಇದು ಇಲ್ಲದಿದ್ದರೆ ಕಂಪ್ಯೂಟರ್ ಬಿಸಿಯಾಗಿ ಹಾಳಾಗುತ್ತದೆ ಅಪ್ಪ” ಎಂದರೆ ಅವರು ಮಗನ ಓದಿಗಾಗಿ ತೆರುತ್ತಾರೆ. ಅವರ ಆ ವಿಶ್ವಾಸವನ್ನು ಅಸತ್ಯದ ಮೇಲೆ ಖರ್ಚು ಮಾಡಿಸುವುದು ನನ್ನ ಕಣ್ಣಿಗೆ ಸಣ್ಣ ಅಪರಾಧವಲ್ಲ.

ನನ್ನ ದುಡ್ಡು, ನನ್ನ ಹವ್ಯಾಸ, ನೋಡಲು ಚೆಂದ, ನಿಮಗೇನು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಸ್ವಂತ ಸಂಬಳದಲ್ಲಿ ಚೆಂದಕ್ಕೆಂದು ತಿಳಿದು ಕೊಳ್ಳಲಿ. ಆದರೆ ಚೆಂದಕ್ಕೆ ಬೇಕಾದದ್ದನ್ನು ಓದಿಗೆ ಬೇಕೇಬೇಕು ಎಂದು ಹೇಳಿ ಮನೆಯವರಿಂದ ಪಡೆಯಬಾರದು. ಆ ಮಾತನ್ನು ಹುಡುಗರ ಬಾಯಿಗೆ ಹಾಕಿದವರನ್ನೂ ಸುಮ್ಮನೆ ಬಿಡಬಾರದು. ಕನ್ನಡದಲ್ಲಿ ಕಂಪ್ಯೂಟರ್ ವಿಮರ್ಶೆ ಮಾಡುವವರಿಗೆ ಈಗ ಲಕ್ಷಗಟ್ಟಲೆ ನೋಡುಗರಿದ್ದಾರೆ. ಹಳ್ಳಿಯ ಹುಡುಗರಿಗೆ ಅವರೇ ಮೇಷ್ಟ್ರು. ಎಸಿ ಹಾಕಿದ ಕೋಣೆಯಲ್ಲಿ, ಕಂಪನಿ ಕಳಿಸಿಕೊಟ್ಟ ಕೂಲರನ್ನು ಬಿಚ್ಚಿ, ಪರದೆಯ ಮೇಲೆ ತಮ್ಮ ಚಾನೆಲ್ಲಿನ ಹೆಸರು ಓಡಿಸಿ ಬೆರಗುಪಡುವುದು ವಿಮರ್ಶೆಯಲ್ಲ. ಜಾಹೀರಾತು ಮಾನದಂಡ ಪರಿಷತ್ತು 2021ರಲ್ಲೇ ಇದಕ್ಕೆ ನಿಯಮ ಮಾಡಿದೆ: ಕಂಪನಿಯಿಂದ ಹಣವಾಗಲಿ ಸಾಮಾನಾಗಲಿ ಪಡೆದಿದ್ದರೆ ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ತಿಳಿಸಲಿ. ಅದರ ಜೊತೆಗೆ ಕೋಣೆಯ ಉಷ್ಣತೆ ಎಷ್ಟಿತ್ತು, ಅದೇ ಪ್ರೊಸೆಸರಿನ ಮೇಲೆ ನಾಲ್ಕು ಸಾವಿರದ ಗಾಳಿ ಕೂಲರ್ ಎಷ್ಟು ತೋರಿಸಿತು ಎಂಬುದನ್ನೂ ಹೇಳಲಿ. ಈ ಎರಡು ಅಂಕಿ ಹೇಳದ ಕೂಲರ್ ವಿಡಿಯೋವನ್ನು ನಾವು ಜಾಹೀರಾತು ಎಂದೇ ತಿಳಿಯಬೇಕು.

ನಮ್ಮಲ್ಲೇ ಅಳೆದು ನೋಡುವ ಶಕ್ತಿ ಇಲ್ಲವೇ? ಪುತ್ತೂರಿನಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಇದೆ, ಸುಳ್ಯದಲ್ಲಿ ಕೆವಿಜಿ ಇದೆ. ಉಷ್ಣ ವರ್ಗಾವಣೆ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಪಠ್ಯದಲ್ಲಿರುವ ವಿಷಯ. ಏಪ್ರಿಲಿನ ಒಂದು ಮಧ್ಯಾಹ್ನ, ಎಸಿ ಇಲ್ಲದ ಕೋಣೆಯಲ್ಲಿ, ಒಂದು 65 ವಾಟಿನ ಪ್ರೊಸೆಸರಿಗೆ ಪೆಟ್ಟಿಗೆಯ ಉಚಿತ ಕೂಲರ್, ಒಂದು ಗಾಳಿ ಗೋಪುರ, ಒಂದು ಪರದೆಯ ಲಿಕ್ವಿಡ್ ಕೂಲರ್ ಸರದಿಯಲ್ಲಿ ಹಾಕಿ ಒಂದೊಂದು ಗಂಟೆ ಓಡಿಸಲಿ. ಡಿಗ್ರಿ ಎಷ್ಟು, ಸದ್ದು ಎಷ್ಟು, ಕೆಲಸ ಮುಗಿಯಲು ಹಿಡಿದ ಸಮಯ ಎಷ್ಟು, ತೆತ್ತ ಬೆಲೆ ಎಷ್ಟು ಎಂದು ಬರೆದು ಕನ್ನಡದಲ್ಲಿ ಪ್ರಕಟಿಸಲಿ. ಅದಕ್ಕಿಂತ ಒಳ್ಳೆಯ ಮಿನಿ ಪ್ರಾಜೆಕ್ಟು ಯಾವುದಿದೆ? ಆ ಒಂದು ಹಾಳೆ ಅಂಗಡಿಗಳ ಗೋಡೆಗೆ ಅಂಟಿದರೆ ಎಷ್ಟು ಮನೆಗಳ ದುಡ್ಡು ಉಳಿದೀತು!

ಅಂಗಡಿಯವರಿಗೆ ನೇರವಾಗಿ ಹೇಳುತ್ತೇನೆ. ನೀವು ಇದೇ ಊರಿನವರು, ಆ ಅಪ್ಪಂದಿರ ಪರಿಚಯದವರು. ಕೊಟೇಶನ್ನಿನಲ್ಲಿ ಯುಪಿಎಸ್ಸನ್ನು, ಒಳ್ಳೆಯ ಎಸ್‌ಎಂಪಿಎಸ್ಸನ್ನು, ಬ್ಯಾಕಪ್ ಡಿಸ್ಕನ್ನು ಕೂಲರಿಗಿಂತ ಮೇಲೆ ಬರೆಯಿರಿ. ಪರದೆಯ ಕೂಲರನ್ನು ಕೇಳಿದವರಿಗೆ ಮಾತ್ರ ತೋರಿಸಿ, ಅಲಂಕಾರದ ಸಾಮಾನು ಎಂದು ಅದರ ಪಕ್ಕದಲ್ಲೇ ಬರೆಯಿರಿ. ವಾರಂಟಿ ಎಷ್ಟು ವರ್ಷ, ಹಾಳಾದರೆ ಯಾವ ಊರಿಗೆ ಹೋಗುತ್ತದೆ, ಅದು ಬರುವ ತನಕ ಬದಲಿ ಕೂಲರ್ ನೀವು ಕೊಡುತ್ತೀರಾ ಎಂಬುದನ್ನು ಬಿಲ್ಲಿನಲ್ಲೇ ಕಾಣಿಸಿ. ಲಾಭ ಬೇಕು, ಒಪ್ಪುತ್ತೇನೆ. ಯುಪಿಎಸ್ಸಿನಲ್ಲೂ ಲಾಭವಿದೆ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಮನೆಗೆ ಬಂದು ಧೂಳು ತೆಗೆದು ಪೇಸ್ಟ್ ಬದಲಿಸುವ ಸರ್ವಿಸಿನಲ್ಲೂ ಲಾಭವಿದೆ.

ಕೊಳ್ಳುವವರೇ, ಸಿಇಟಿ ಫಲಿತಾಂಶ ಬಂದು ಕಾಲೇಜು ಸೇರುವ ದಿನಗಳಲ್ಲಿ ಆ ಕೊಟೇಶನ್ ನಿಮ್ಮ ಫೋನಿಗೂ ಬರುತ್ತದೆ. ಬಂದಾಗ ಪರದೆಯ ಕೂಲರಿನ ಸಾಲಿಗೆ ಗೀಟು ಹಾಕಿ. ಆ ಜಾಗದಲ್ಲಿ ಒಂದು ಗಾಳಿ ಕೂಲರ್, ಒಂದು ಯುಪಿಎಸ್, ಒಂದು ಬ್ಯಾಕಪ್ ಡಿಸ್ಕ್ ಬರೆದು ವಾಪಸು ಕಳಿಸಿ. ಮೂರನ್ನೂ ಸೇರಿಸಿ ಬೆಲೆ ಎಷ್ಟಾಯಿತೆಂದು ಅಂಗಡಿಯವರನ್ನೇ ಕೇಳಿ. ಅದನ್ನು ನೋಡದೆ ಮುಂಗಡ ಕೊಡಬೇಡಿ.